ಶಾಲೆಯ ಗೋಡೆಗೆ ಬಳಿಯುವ ಬಣ್ಣದಲ್ಲಿ ಏನಿದೆ? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ

ಸನ್ಮಾನ್ಯ ಅಧ್ಯಕ್ಷರೇ,

ಬೇಸಿಗೆ ರಜೆ ಎಂದರೆ ನಮ್ಮ ಕಡೆಯ ಸರ್ಕಾರಿ ಶಾಲೆಗಳಿಗೆ ಸುಣ್ಣಬಣ್ಣದ ಕಾಲ. ತಮ್ಮ ಮಂಡಳಿಯ ಅನುದಾನದಲ್ಲಿ ಕಟ್ಟಿದ, ದುರಸ್ತಿ ಕಂಡ ಕೊಠಡಿಗಳು ಬೀದರ್, ಕಲಬುರಗಿ, ಯಾದಗಿರಿಯ ಊರೂರುಗಳಲ್ಲಿವೆ. ಆ ಕೊಠಡಿಗಳ ಗೋಡೆಗೆ, ಛಾವಣಿಗೆ ಬಳಿಯುವ ಬಣ್ಣದಲ್ಲಿ ನ್ಯಾನೊ ಕಣಗಳಿವೆಯೇ, ಇದ್ದರೆ ಯಾವ ವಸ್ತುವಿನವು ಎಂಬುದನ್ನು ಪೂರೈಕೆದಾರರು ಬರೆದು ಕೊಡಬೇಕು. ಈ ಷರತ್ತನ್ನೂ ಇದರ ಜೊತೆಗೆ ಬೇಕಾದ ಕೆಲವು ಮುನ್ನೆಚ್ಚರಿಕೆಗಳನ್ನೂ ಟೆಂಡರಿಗೆ ಸೇರಿಸಿ ಎಂದು ಕೇಳಲು ಈ ಪತ್ರ.

ಅಂಗಡಿಗಳಲ್ಲಿ ಈಗ ಕ್ರಿಮಿ ಕೊಲ್ಲುವ ಬಣ್ಣ, ತನ್ನ ಕೊಳೆಯನ್ನು ತಾನೇ ಕಳೆದುಕೊಳ್ಳುವ ಬಣ್ಣ, ಬಿಸಿಲು ತಡೆಯುವ ಬಣ್ಣ ಎಂಬ ಡಬ್ಬಿಗಳು ಸಾಲಾಗಿ ಕೂತಿವೆ. ಇವುಗಳಲ್ಲಿ ಎಲ್ಲವೂ ಅಲ್ಲದಿದ್ದರೂ ಕೆಲವು ಬೆಳ್ಳಿ, ಟೈಟಾನಿಯಂ ಡೈಆಕ್ಸೈಡ್, ಸತುವಿನ ಆಕ್ಸೈಡ್ ಅಥವಾ ಸಿಲಿಕಾದ ಅತಿಸೂಕ್ಷ್ಮ ಕಣಗಳಿಂದ ಆ ಗುಣ ಪಡೆಯುತ್ತವೆ. ನ್ಯಾನೊ ಕಣವೆಂದರೆ ಸಾಮಾನ್ಯವಾಗಿ 100 ನ್ಯಾನೊಮೀಟರಿಗಿಂತ ಚಿಕ್ಕದು. ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೊಮೀಟರ್. ಬಿಳಿ ಬಣ್ಣಕ್ಕೆ ಬಹುಕಾಲದಿಂದ ಹಾಕುತ್ತಿರುವ ಟೈಟಾನಿಯಂ ಡೈಆಕ್ಸೈಡಿನ (ಮುಂದೆ ಚಿಕ್ಕದಾಗಿ ಟೈಟಾನಿಯಂ ಎನ್ನುತ್ತೇನೆ) ಕಣಗಳು 200ರಿಂದ 300 ನ್ಯಾನೊಮೀಟರಿನವು. ಅದೇ ವಸ್ತುವನ್ನು ಇನ್ನೂ ಚಿಕ್ಕದಾಗಿಸಿದಾಗ ಒಂದು ಗ್ರಾಂ ಪುಡಿಯ ಒಟ್ಟು ಮೇಲ್ಮೈ ಹಲವು ಪಟ್ಟು ಹಿಗ್ಗುತ್ತದೆ, ಅದು ಶ್ವಾಸಕೋಶದ ಗಾಳಿಚೀಲಗಳ ಆಳಕ್ಕೆ ಇಳಿಯುತ್ತದೆ, ಅಲ್ಲಿಂದ ಹೊರಬರಲು ಬಹಳ ಕಾಲ ಹಿಡಿಯುತ್ತದೆ.

ರಸಾಯನಶಾಸ್ತ್ರ ಕಲಿಸಿದ ನನಗೆ ಈ ವಿಷಯದಲ್ಲಿ ನಿದ್ದೆಗೆಡಿಸುವುದು ಒಂದು ಹೋಲಿಕೆ. ಇಲಿಗಳಿಗೆ ದೀರ್ಘಕಾಲ ಟೈಟಾನಿಯಂ ದೂಳನ್ನು ಉಸಿರಾಡಿಸಿದ ಪ್ರಯೋಗಗಳಲ್ಲಿ, ಸಾಮಾನ್ಯ ಗಾತ್ರದ ಪುಡಿಯಿಂದ ಶ್ವಾಸಕೋಶದ ಗೆಡ್ಡೆ ಕಂಡದ್ದು ಘನ ಮೀಟರ್ ಗಾಳಿಗೆ 250 ಮಿಲಿಗ್ರಾಂ ಇದ್ದಾಗ. ಅತಿಸೂಕ್ಷ್ಮ ಪುಡಿಗೆ ಸುಮಾರು 10 ಮಿಲಿಗ್ರಾಂ ಸಾಕಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಟೈಟಾನಿಯಂ ಡೈಆಕ್ಸೈಡನ್ನು 2006ರಲ್ಲಿ ‘ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ’ ವಸ್ತುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 2011ರಲ್ಲಿ ಕೆಲಸಗಾರರಿಗೆ ಎರಡು ಬೇರೆ ಮಿತಿಗಳನ್ನು ಸೂಚಿಸಿತು: ಸಾಮಾನ್ಯ ಪುಡಿಗೆ ಘನ ಮೀಟರಿಗೆ 2.4 ಮಿಲಿಗ್ರಾಂ, ಅತಿಸೂಕ್ಷ್ಮ ಪುಡಿಗೆ 0.3 ಮಿಲಿಗ್ರಾಂ. ವಸ್ತು ಒಂದೇ ಆದರೂ ಎಚ್ಚರಿಕೆ ಎಂಟು ಪಟ್ಟು. ಮನುಷ್ಯರ ಮೇಲಿನ ಅಧ್ಯಯನಗಳು ಇಲಿಗಳಷ್ಟು ಸ್ಪಷ್ಟವಾದ ಉತ್ತರ ಕೊಟ್ಟಿಲ್ಲ, ಇದನ್ನೂ ಹೇಳಬೇಕು. ಆದರೆ ಗಾತ್ರ ಎಷ್ಟೆಂದು ಕೇಳದೆ ಕೊಂಡರೆ ಇವುಗಳಲ್ಲಿ ಯಾವ ಮಿತಿ ಅನ್ವಯಿಸಬೇಕೆಂದು ನಮ್ಮ ಎಂಜಿನಿಯರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಬಣ್ಣ ಒಣಗಿ ಗಟ್ಟಿಯಾದ ಗೋಡೆಗೆ ಒರಗಿ ಕೂತ ಮಗುವಿಗೆ ಅದರಿಂದ ಅಪಾಯವೆಂದು ನಾನು ಹೇಳುತ್ತಿಲ್ಲ. ಕಣಗಳು ಅಲ್ಲಿ ಬೈಂಡರಿನೊಳಗೆ, ಅಂದರೆ ಬಣ್ಣವನ್ನು ಹಿಡಿದಿಡುವ ಅಂಟಿನೊಳಗೆ, ಬಂಧಿಯಾಗಿರುತ್ತವೆ. ಪೋಷಕರು ಹೆದರಬೇಕಾಗಿಲ್ಲ. ಅಪಾಯ ಇರುವುದು ಬಣ್ಣ ಬಳಿಯುವಾಗ, ಸಿಂಪಡಿಸುವಾಗ, ಉಜ್ಜುವಾಗ, ತೊಳೆಯುವಾಗ. ಅಂದರೆ ಮೊದಲ ಪಾಲು ಪೇಂಟರಿನದು.

ಆ ಪೇಂಟರನ್ನು ತಾವೂ ಕಂಡಿರುತ್ತೀರಿ. ಮುಂಜಾನೆ ನಾಕಾದಲ್ಲಿ ಬ್ರಷ್ಷಿನ ಚೀಲ ಹಿಡಿದು ಕೂಲಿಗೆ ಕಾಯುತ್ತಾನೆ. ಕೊಠಡಿಯೊಳಗೆ ಪುಟ್ಟಿ ಒಣಗಿದ ಮೇಲೆ ಸ್ಯಾಂಡ್ ಪೇಪರಿನಿಂದ ಉಜ್ಜುತ್ತಾನೆ. ಮೂಗಿಗೆ ಟವೆಲ್ ಕಟ್ಟಿರುತ್ತಾನೆ, ಹುಬ್ಬು ರೆಪ್ಪೆಗಳೆಲ್ಲ ಬಿಳಿಯಾಗಿರುತ್ತವೆ. ಮಧ್ಯಾಹ್ನ ಅದೇ ಕೈಯಲ್ಲಿ ರೊಟ್ಟಿ ಬಿಚ್ಚುತ್ತಾನೆ. ಖಾಲಿಯಾದ 20 ಲೀಟರಿನ ಬಕೆಟ್ ಸಂಜೆ ಮನೆಗೆ ಹೋಗಿ ಕುಡಿಯುವ ನೀರಿನ ಪಾತ್ರೆಯಾಗುತ್ತದೆ. ಆ ದೂಳಿನಲ್ಲಿ ಹೆಚ್ಚಿನದು ಪುಟ್ಟಿಯದೇ, ನ್ಯಾನೊ ಕಣದ್ದು ಸಣ್ಣ ಪಾಲು. ಹಳೆಯ ಬಾಗಿಲು, ಕಿಟಕಿಯ ಆಯಿಲ್ ಪೇಂಟ್ ಕೆರೆಯುವಾಗ ಸೀಸವೂ ಏಳಬಹುದು, ಏಕೆಂದರೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಯಾವುದರ ದೂಳೇ ಆಗಲಿ, ನುಂಗುವ ಎದೆ ಒಂದೇ. ಪೇಂಟರ್ ವೃತ್ತಿಯನ್ನೇ ಖಚಿತವಾಗಿ ಕ್ಯಾನ್ಸರ್ ತರುವ ಕಾರಣಗಳ ಮೊದಲ ಗುಂಪಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1989ರಷ್ಟು ಹಿಂದೆಯೇ ಇಟ್ಟಿದೆ.

ಕಣ ಇಷ್ಟು ಚಿಕ್ಕದಾದ ಮೇಲೆ ಮಾಸ್ಕ್ ತಡೆಯುವುದೇ ಎಂದು ಗುತ್ತಿಗೆದಾರರು ಕೇಳುತ್ತಾರೆ. ತಡೆಯುತ್ತದೆ. ಎನ್95 ಮಾದರಿಯ ಮಾಸ್ಕಿನ ನೂಲುಗಳ ನಡುವೆ ಅತಿಸೂಕ್ಷ್ಮ ಕಣಗಳು ನೇರ ಹಾಯದೆ ಅತ್ತಿತ್ತ ಓಲಾಡಿ ನೂಲಿಗೆ ತಗುಲಿ ನಿಲ್ಲುತ್ತವೆ. ಸೋಲುವುದು ಟವೆಲ್ ಮತ್ತು ಮುಖಕ್ಕೆ ಬಿಗಿಯಾಗಿ ಕೂಡದ ಬಟ್ಟೆ. ಆದ್ದರಿಂದ ಭಾರತೀಯ ಮಾನಕ ಐಎಸ್ 9473ರ ಗುರುತಿರುವ, ಎನ್95ಗೆ ಸರಿಸಾಟಿಯಾದ ಎಫ್‌ಎಫ್‌ಪಿ2 ಮಾಸ್ಕಿನ ಖರ್ಚು ಅಂದಾಜು ಪಟ್ಟಿಯಲ್ಲೇ ಇರಲಿ. ಕೂಲಿಯವನ ಜೇಬಿನಿಂದ ಅದು ಬರುವುದಿಲ್ಲ. ಒಣಗಿದ ಗೋಡೆಯನ್ನು ಹಾಗೆಯೇ ಉಜ್ಜುವ ಬದಲು ನೀರು ಸವರಿ ಉಜ್ಜಿದರೆ ದೂಳಿನ ಬಹುಪಾಲು ಏಳುವುದೇ ಇಲ್ಲ.

ಎರಡನೆಯ ಪಾಲು ನೀರಿನದು. ಕ್ರಿಮಿನಾಶಕ ಬೆಳ್ಳಿಯ ಬಣ್ಣ ಬಳಿದ ಹೊರಗೋಡೆಯನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು ಬಯಲಿನಲ್ಲಿಟ್ಟು ಒಂದು ವರ್ಷ ಮಳೆನೀರು ಹಿಡಿದು ಅಳೆದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬೆಳ್ಳಿಯ ಶೇ. 30ಕ್ಕೂ ಹೆಚ್ಚು ತೊಳೆದುಹೋಗಿತ್ತು, ಅದರಲ್ಲೂ ಆರಂಭದ ಮಳೆಗಳಲ್ಲಿ ಹೆಚ್ಚು. ಹರಿದ ಬೆಳ್ಳಿಯ ಬಹುಪಾಲು ಬೈಂಡರಿನ ಚೂರುಗಳಿಗೆ ಅಂಟಿತ್ತು, ಅದರಲ್ಲಿ ಕೆಲಭಾಗ ಕಡಿಮೆ ವಿಷದ ಸಲ್ಫೈಡ್ ಆಗಿ ಬದಲಾಗಬಹುದಿತ್ತು. ಆದರೂ ನಮ್ಮ ಪದ್ಧತಿಯನ್ನು ನೆನೆಯಿರಿ: ಮೇ ತಿಂಗಳಲ್ಲಿ ಬಣ್ಣ, ಜೂನ್‌ನಲ್ಲಿ ಮೃಗಶಿರಾ ಮಳೆ. ಹಸಿ ಬಣ್ಣಕ್ಕೆ ಮೊದಲ ರಭಸದ ಮಳೆ ಬೀಳುವಂತೆ ನಾವೇ ಕ್ಯಾಲೆಂಡರ್ ಹಾಕಿಕೊಂಡಿದ್ದೇವೆ. ಆ ನೀರು ಚರಂಡಿ, ಹಳ್ಳ ಹಿಡಿದು ಬೆಣ್ಣೆತೊರೆ, ಕಾಗಿಣಾ ಸೇರಿ ಭೀಮೆಗೆ ಹೋಗುತ್ತದೆ. ಸೂಕ್ಷ್ಮಜೀವಿಗಳನ್ನು ಕೊಲ್ಲಲೆಂದೇ ಹಾಕಿದ ಬೆಳ್ಳಿ, ಗೋಡೆ ಬಿಟ್ಟು ಇಳಿದ ಮೇಲೆ ಕೆರೆಯ ಜೀವಿ ಬೇರೆ, ಗೋಡೆಯ ಕ್ರಿಮಿ ಬೇರೆ ಎಂದು ನೋಡುವುದಿಲ್ಲ. ಬ್ರಷ್, ರೋಲರ್ ತೊಳೆದ ನೀರನ್ನು ಶಾಲೆಯ ಬೇವಿನ ಮರದ ಬುಡಕ್ಕೆ ಚೆಲ್ಲುವುದಂತೂ ನಿತ್ಯದ ದೃಶ್ಯ.

ನಮ್ಮ ಭಾಗದ ತರಗತಿಗಳಿಗೆ ಬೆಳ್ಳಿಯ ಬಣ್ಣ ಬೇಕೇ ಎಂಬುದು ನನ್ನ ಪ್ರಾಮಾಣಿಕ ಪ್ರಶ್ನೆ. ವರ್ಷದ ಹೆಚ್ಚು ತಿಂಗಳು ಒಣಹವೆ. ಗೋಡೆಗೆ ಬೂಷ್ಟು ಹತ್ತುವುದು ಛಾವಣಿ ಸೋರುವಲ್ಲಿ. ಸೋರುವುದನ್ನು ನಿಲ್ಲಿಸಿದರೆ ಬೂಷ್ಟೂ ನಿಲ್ಲುತ್ತದೆ. ಹೊಸದಾಗಿ ಬಳಿದ ಸುಣ್ಣವೂ ತನ್ನ ಕ್ಷಾರದಿಂದಲೇ ಸೂಕ್ಷ್ಮಜೀವಿಗಳನ್ನು ದೂರ ಇಡುತ್ತದೆ.

ಛಾವಣಿಗೆ ಬಿಳಿ ಬಣ್ಣ ಬಳಿಯುವುದನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಮೇ ತಿಂಗಳ ಕಲಬುರಗಿಯಲ್ಲಿ ಆರ್‌ಸಿಸಿ ಛಾವಣಿಯ ಕೆಳಗೆ ಕೂರುವುದೇನೆಂದು ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ. ನೆರೆಯ ತೆಲಂಗಾಣ 2023ರಲ್ಲಿ ಇದಕ್ಕೆಂದೇ ನೀತಿ ತಂದಿದೆ. ಆದರೆ ಕಣ್ಣಿಗೆ ಕಾಣುವ ಬಿಸಿಲನ್ನು ಹಿಂದಕ್ಕೆ ಕಳಿಸುವುದು ಆ ಹಳೆಯ, ದೊಡ್ಡ ಕಣದ ಬಿಳಿ ಪುಡಿ. ನ್ಯಾನೊ ಗಾತ್ರಕ್ಕೆ ಇಳಿದ ಟೈಟಾನಿಯಂ ಗೋಚರ ಬೆಳಕಿಗೆ ಬಹುಮಟ್ಟಿಗೆ ಪಾರದರ್ಶಕ. ತಂಪಿನ ಹೆಸರಿನಲ್ಲಿ ‘ನ್ಯಾನೊ’ ಎಂದು ಹೆಚ್ಚು ದರ ಕೇಳುವವರಿಗೆ ಅದು ಅಲ್ಲಿ ಏನು ಕೆಲಸ ಮಾಡುತ್ತದೆ ಎಂದು ಮಂಡಳಿ ಕೇಳಬೇಕು. ಕೊಳೆ ಕಳೆದುಕೊಳ್ಳುವ ಬಣ್ಣದ ವಿಷಯ ಇನ್ನೂ ಸೂಕ್ಷ್ಮ: ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಅದರ ಟೈಟಾನಿಯಂ ಕೊಳೆಯ ಜೊತೆಗೆ ತನ್ನನ್ನು ಹಿಡಿದ ಬೈಂಡರನ್ನೂ ತಿನ್ನಬಲ್ಲದು. ನಮ್ಮ ಬಿಸಿಲಿನಲ್ಲಿ ಅಂಥ ಬಣ್ಣ ಬೇಗ ಪುಡಿಯಾದರೆ ಕಣಗಳಿಗೆ ಬಿಡುಗಡೆ. ಛಾವಣಿಯ ಮಳೆನೀರನ್ನು ತೊಟ್ಟಿಗೆ ಇಳಿಸುವ ಶಾಲೆಗಳಲ್ಲಿ ಈ ಪ್ರಶ್ನೆಯನ್ನು ಬಣ್ಣ ಕೊಳ್ಳುವ ಮೊದಲೇ ಕೇಳಬೇಕು.

ನ್ಯಾನೊ ಕಣ ಇದೆ ಎಂದು ಬಣ್ಣದ ಡಬ್ಬಿಯ ಮೇಲೆ ಬರೆಯಲೇಬೇಕೆಂಬ ನಿಯಮ ನಮ್ಮಲ್ಲಿಲ್ಲ. ಕಂಪನಿಗಳು ಕೊಡುವ ಸುರಕ್ಷತಾ ಮಾಹಿತಿ ಪತ್ರದಲ್ಲೂ ಅನೇಕ ಸಲ ವಸ್ತುವಿನ ಹೆಸರಿರುತ್ತದೆ, ಕಣದ ಗಾತ್ರ ಇರುವುದಿಲ್ಲ. ಫ್ರಾನ್ಸ್‌ನಲ್ಲಿ 2013ರಿಂದ ವರ್ಷಕ್ಕೆ ಕನಿಷ್ಠ 100 ಗ್ರಾಂ ನ್ಯಾನೊ ವಸ್ತು ತಯಾರಿಸುವ, ತರಿಸುವ, ವೃತ್ತಿಪರ ಬಳಕೆದಾರರಿಗೆ ಮಾರುವ ಪ್ರತಿಯೊಬ್ಬರೂ ಸರ್ಕಾರಕ್ಕೆ ಘೋಷಿಸಬೇಕು. ಅಂಥ ಕಾನೂನು ಮಾಡುವುದು ದೆಹಲಿಯ ಕೆಲಸ, ತಮ್ಮದಲ್ಲ. ಆದರೆ ತಮ್ಮ ಮಂಡಳಿ ಏಳು ಜಿಲ್ಲೆಗಳಿಗೆ ಖರ್ಚು ಮಾಡುವ ದೊಡ್ಡ ಗಿರಾಕಿ. ಕೊಳ್ಳುವವನು ಕೇಳಿದರೆ ಮಾರುವವನು ಹೇಳಲೇಬೇಕಾಗುತ್ತದೆ, ಅದಕ್ಕೆ ಹೊಸ ಕಾನೂನು ಬೇಡ.

ಕಾಮಗಾರಿ ನಡೆಸುವವರು ಲೋಕೋಪಯೋಗಿ ಇಲಾಖೆಯವರಾಗಲಿ, ಪಂಚಾಯತ್ ರಾಜ್ ಎಂಜಿನಿಯರುಗಳಾಗಲಿ, ನಿರ್ಮಿತಿ ಕೇಂದ್ರದವರಾಗಲಿ, ಅನುದಾನ ಬಿಡುಗಡೆಯ ಆದೇಶದಲ್ಲಿ ಒಂದು ಪುಟ ಸೇರಿದರೆ ಸಾಕು: ನ್ಯಾನೊ ವಸ್ತುವಿನ ಲಿಖಿತ ಘೋಷಣೆ, ತರಗತಿಗೆ ಬೆಳ್ಳಿಯ ಬಣ್ಣ ಬೇಡ, ಒಣ ಉಜ್ಜುವಿಕೆ ಬೇಡ, ಮಾಸ್ಕಿನ ಖರ್ಚು ಅಂದಾಜಿನಲ್ಲಿ, ತೊಳೆದ ನೀರು ಒಂದು ಡ್ರಮ್ಮಿಗೆ, ಖಾಲಿ ಬಕೆಟ್ ಪೂರೈಕೆದಾರರಿಗೆ ವಾಪಸು, ಹೊರಗೋಡೆಯ ಕೆಲಸ ಏಪ್ರಿಲ್‌ನಲ್ಲೇ ಮುಗಿಯಬೇಕು. ಆ ಪುಟದ ಕರಡನ್ನು ಸಿದ್ಧಪಡಿಸಲು ಗುಲಬರ್ಗಾ ವಿಶ್ವವಿದ್ಯಾಲಯದ ಮತ್ತು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಗಳನ್ನು ತಾವು ಕೇಳಬಹುದು. ನಾನೂ ಸಂಬಳವಿಲ್ಲದೆ ಕೂತು ಬರೆದುಕೊಡಲು ಸಿದ್ಧನಿದ್ದೇನೆ. ಮುಂದಿನ ಬೇಸಿಗೆಯ ಟೆಂಡರ್ ಕರೆಯುವ ಮುನ್ನ ಇದರ ಬಗ್ಗೆ ಮಂಡಳಿಯ ತೀರ್ಮಾನವನ್ನು ಸಾರ್ವಜನಿಕವಾಗಿ ತಿಳಿಸಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ
ಕಲಬುರಗಿ