ಗುಲ್ಮಾರ್ಗ್ ಸ್ಕೀ ಚಾರಣ: ಹೊಸ ನಿಯಮ ಮತ್ತು ದರದ ಬಗ್ಗೆ ನಮ್ಮ ಗ್ರಾಹಕರಿಗೆ

ಆತ್ಮೀಯರೇ,

ಬರುವ ಜನವರಿಯಿಂದ ಒಬ್ಬ ಗೈಡ್ ಜೊತೆ ಎಂಟರ ಬದಲು ಐದೇ ಜನ. ಭಾರೀ ಹಿಮ ಬಿದ್ದ ಮೇಲೆ ಕನಿಷ್ಠ ಎರಡು ದಿನ 30 ಡಿಗ್ರಿಗಿಂತ ಕಡಿದಾದ ಇಳಿಜಾರಿಗೆ ಕಾಲಿಡುವುದಿಲ್ಲ. ಆ ದಿನಗಳ ಹಣ ವಾಪಸಿಲ್ಲ. ದರ ತಲಾ 6,000 ರೂಪಾಯಿ ಏರಿದೆ.

ಕಳೆದ ಫೆಬ್ರುವರಿಯಲ್ಲಿ ಒಂದು ದಿನ ಹಿಮಕುಸಿತದ ಭಯದಿಂದ ನಿಮ್ಮನ್ನು ಇಳಿಜಾರಿಗೆ ಬಿಡಲಿಲ್ಲ. ಅಂದಿನಿಂದ ಒಂದೇ ದೂರು ಕೇಳುತ್ತಿದ್ದೇವೆ: "ಆಕಾಶ ನೀಲಿಯಾಗಿತ್ತು, ಬೇರೆಯವರು ಇಳಿದ ಗುರುತು ಕಣ್ಣೆದುರೇ ಇತ್ತು, ನಮ್ಮನ್ನು ಮಾತ್ರ ಏಕೆ ತಡೆದಿರಿ?"

ಅಂದು ನೀವು ರೋಪ್‌ವೇಯ ನಡುವಿನ ನಿಲ್ದಾಣ ಕಾಂಗ್ಡೋರಿಯಲ್ಲಿ ಕಾಯುತ್ತಿದ್ದಾಗ ನಾನು ಗೈಡ್ ಜೊತೆ ಮೇಲಿದ್ದೆ. ಅಫರ್ವಾಟ್ ಬೆಟ್ಟದ ಆ ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆಯೋ ಅದೇ ದಿಕ್ಕಿಗಿದ್ದ ಒಂದು ಸಣ್ಣ ದಿಬ್ಬದಲ್ಲಿ ನೆಲ ಮುಟ್ಟುವವರೆಗೆ ಗುಂಡಿ ತೋಡಿದೆವು. ತಳದ ಹಿಮ ಮುಷ್ಟಿಯಲ್ಲಿ ಉಂಡೆ ಕಟ್ಟಲಿಲ್ಲ. ದಪ್ಪ ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿದುಹೋಯಿತು. ಚಳಿಗಾಲದ ಆರಂಭದ ತೆಳು ಹಿಮ ದಿನಗಟ್ಟಲೆ ಕೊರೆಯುವ ಚಳಿಗೆ ಸಿಕ್ಕರೆ ಅದರ ಹರಳುಗಳು ಹೀಗೆ ಒಂದಕ್ಕೊಂದು ಅಂಟದಂತಾಗುತ್ತವೆ. ಅದರ ಮೇಲೆ ಗಾಳಿ ತಂದೊತ್ತಿದ ಗಟ್ಟಿ ಹಾಸು ಕೂತಿತ್ತು. 30 ಸೆಂಟಿಮೀಟರ್ ಅಗಲದ ಕಂಬ ಕೊರೆದು, ನೆತ್ತಿಗೆ ಸಲಿಕೆಯಿಟ್ಟು ತಟ್ಟಿದೆವು. ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಏಟು ಹಾಕುವುದು ಕ್ರಮ. ಹನ್ನೆರಡನೇ ಏಟಿಗೇ ಹಾಸು ಮೇಜಿನ ಖಾನೆಯಂತೆ ಜಾರಿ ಹೊರಬಂತು. ಹೊಸ ಹಿಮ ಒಂದೆರಡು ದಿನದಲ್ಲಿ ಕೂರುತ್ತದೆ, ಆದರೆ ಈ ಸಕ್ಕರೆ ಪದರ ವಾರಗಟ್ಟಲೆ ಹಾಗೇ ಇರುತ್ತದೆ. ನೀಲಿ ಆಕಾಶಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಆ ಗುರುತುಗಳು. ಹಾಸು ದಪ್ಪವಿದ್ದಲ್ಲಿ ಹತ್ತು ಜನರನ್ನು ಹೊರಬಹುದು. ಅದು ತೆಳುವಾದ ಕಡೆ ಹನ್ನೊಂದನೆಯವರ ಸ್ಕೀ ತಾಗಿದರೆ ಇಡೀ ಇಳಿಜಾರಿನ ಹಿಮವೇ ಕಳಚಿಕೊಳ್ಳಬಹುದು. 2023ರ ಫೆಬ್ರುವರಿ 1ರಂದು ಅಫರ್ವಾಟ್‌ನಲ್ಲಿ ಪೋಲೆಂಡಿನ ಇಬ್ಬರು, ಮರುವರ್ಷ ಅದೇ ತಿಂಗಳು ಗುಲ್ಮಾರ್ಗ್‌ನಲ್ಲೇ ರಷ್ಯಾದ ಒಬ್ಬರು ಹಿಮಕುಸಿತಕ್ಕೆ ಬಲಿಯಾದರು.

"ಹತ್ತದ ದಿನದ ದುಡ್ಡು ಜೇಬಿಗಿಳಿಸಿದರು" ಎಂಬ ಮಾತು ಮಾತ್ರ ನಮಗೆ ಬಹಳ ನೋವು ತಂದಿದೆ. ಆ ದಿನವೂ ಗೈಡ್ ಸಂಬಳ, ಕೋಣೆ ಬಾಡಿಗೆ, ಅಡುಗೆಯವರ ಕೂಲಿ ನಿಲ್ಲುವುದಿಲ್ಲ. ಎಂಟು ಜನ ಹಂಚಿಕೊಳ್ಳುತ್ತಿದ್ದ ಗೈಡ್ ಸಂಬಳ ಈಗ ಐವರ ಪಾಲಿಗೆ ಬರುತ್ತದೆ. ಏರಿದ ದರದ ಬಹುಪಾಲು ಅಷ್ಟೇ. ಉಳಿದದ್ದು ಟ್ರಾನ್ಸೀವರ್ (ಹೂತವರ ಜಾಗ ಸೂಚಿಸುವ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು), ಸಲಿಕೆಗಳಿಗೆ. ಹಿಮದಡಿ ಹೂತವರನ್ನು ಹತ್ತು-ಹದಿನೈದು ನಿಮಿಷದೊಳಗೆ ತೆಗೆಯದಿದ್ದರೆ ಬದುಕುಳಿಯುವ ಸಾಧ್ಯತೆ ಥಟ್ಟನೆ ಇಳಿಯುತ್ತದೆ. ಅಷ್ಟರಲ್ಲಿ ಕೆಳಗಿನಿಂದ ಯಾರೂ ಬಂದು ಮುಟ್ಟಲಾರರು. ಹುಡುಕಬೇಕಾದವರು ಪಕ್ಕದಲ್ಲಿರುವ ನೀವೇ. ಆದ್ದರಿಂದ ಮೊದಲ ದಿನವಿಡೀ ಅದರದ್ದೇ ಅಭ್ಯಾಸ. ತಡೆದ ದಿನಗಳಲ್ಲೂ ಕೋಣೆಯಲ್ಲಿ ಕೂರಿಸುವುದಿಲ್ಲ, ತಲೆಯ ಮೇಲೆ ಕಡಿದಾದ ಇಳಿಜಾರಿಲ್ಲದ ಕಾಡಿನ ದಾರಿಯಲ್ಲಿ ಕರೆದೊಯ್ಯುತ್ತೇವೆ.

ತಪ್ಪು ನಮ್ಮದೂ ಇದೆ. ಅಂದು ಕೆಳಗೆ ಬಂದು "ಇಂದು ಬೇಡ" ಎಂದಷ್ಟೇ ಹೇಳಿದೆ, ಕಾರಣ ಬಿಡಿಸಿ ಹೇಳಲಿಲ್ಲ. ಅದಕ್ಕೆ ಕ್ಷಮಿಸಿ. ಇನ್ನು ಮುಂದೆ ಗುಂಡಿಯ ಬಳಿಗೆ ನಿಮ್ಮನ್ನೂ ಕರೆದೊಯ್ದು ಆ ಸಕ್ಕರೆಯನ್ನು ನಿಮ್ಮ ಕೈಗೇ ಕೊಡುತ್ತೇವೆ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ. ನಿಯಮ ಒಪ್ಪಿಗೆಯಾಗದವರು ಡಿಸೆಂಬರ್ 10ರೊಳಗೆ ತಿಳಿಸಿದರೆ ಮುಂಗಡ ಪೂರ್ತಿ ಹಿಂತಿರುಗಿಸುತ್ತೇವೆ. ಏನೇ ಅನುಮಾನವಿದ್ದರೂ ಸಂಜೆ ಆರರ ಮೇಲೆ ಫೋನ್ ಮಾಡಿ, ನಾನೇ ಮಾತನಾಡುತ್ತೇನೆ.

ತಂಡದ ಪರವಾಗಿ,
ನಿಮ್ಮ ವಿಶ್ವಾಸಿ