ಕಾಲ ಕೆಳಗೂ ನೀರು, ಬೆನ್ನ ಮೇಲೂ ನೀರು

ಅಮ್ಮಾ,

ಮೊದಲಿಗೆ ಹೇಳ್ಬಿಡ್ತೀನಿ, ಚೆನ್ನಾಗಿದೀನಿ, ಹೊಟ್ಟೆ ತುಂಬ ತಿಂತಿದೀನಿ, ಒಬ್ಳೇ ಇಲ್ಲ, ಜೊತೇಲಿ ಇನ್ನಿಬ್ರು ಇದಾರೆ. ಉಳಿದಿದ್ದು ನಿಧಾನಕ್ಕೆ ಓದು, ಅಪ್ಪಂಗೂ ಓದಿ ಹೇಳು, ಇದ್ರಲ್ಲಿ ಅರ್ಧ ಅವರಿಗೇ ಬರ್ದಿರೋದು, ನೀರಿನ ವಿಷಯ ಅಂದ್ರೆ ಪೇಪರ್ ಪಕ್ಕಕ್ಕಿಟ್ಟು ಕೇಳ್ತಾರಲ್ಲ.

ನಾವು ನಡೀತಿರೋ ದಾರಿಗೆ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಅಂತಾರೆ, ಮೆಕ್ಸಿಕೋ ಬಾರ್ಡರಿಂದ ಕೆನಡಾ ತನಕ ಸುಮಾರು 4,265 ಕಿಲೋಮೀಟರ್. ಗಾಬರಿ ಆಗ್ಬೇಡ, ಪೂರ್ತಿ ಅಲ್ಲ, ಆಫೀಸಿಗೆ ಎಷ್ಟು ರಜ ಸಿಕ್ತೋ ಅಷ್ಟೇ, ಟೆಹಾಚಪಿ ಅನ್ನೋ ಊರು ಬಂದ್ರೆ ನಂದು ಮುಗೀತು. ಈಗಿರೋದು ಮೊಹಾವಿ ಮರುಭೂಮಿಯ ಪಶ್ಚಿಮದ ಅಂಚಲ್ಲಿ. ಮರಳು ದಿಬ್ಬ, ಒಂಟೆ ಅಂತೆಲ್ಲ ಅಂದ್ಕೋಬೇಡ. ಗಟ್ಟಿ ನೆಲ, ಜಲ್ಲಿ, ಕುರುಚಲು ಗಿಡ, ಅಲ್ಲಲ್ಲಿ ಕೈ ಮೇಲೆತ್ತಿಕೊಂಡು ನಿಂತಿರೋ ಜೋಶುವಾ ಮರ. ಹೆಸರಿಗೆ ಮರ, ಆದ್ರೆ ನಮ್ಮ ಬೇಲಿ ಕತ್ತಾಳೆ ಕುಲದ್ದೇ ಗಿಡ ಅದು. ಕತ್ತಾಳೆ, ಪಾಪಾಸುಕಳ್ಳಿ ಎರಡೂ ಈ ಕಡೆಯಿಂದಾನೇ ನಮ್ಮಲ್ಲಿಗೆ ಬಂದಿದ್ದು, ನಾನು ನಮ್ದೇ ಅಂದ್ಕೊಂಡಿದ್ದೆ.

ಇಲ್ಲಿನ ಬಿಸಿಲು ಒಂಥರಾ ಮೋಸದ್ದು. ಗಾಳಿ ಎಷ್ಟು ಒಣ ಅಂದ್ರೆ ಬೆವರು ಬಂದಿದ್ದೇ ಗೊತ್ತಾಗಲ್ಲ, ಹಂಗಂಗೇ ಆರಿ ಹೋಗತ್ತೆ, ಶರ್ಟ್ ಮೇಲೆ ಬಿಳೀ ಉಪ್ಪಿನ ಗೆರೆ ನೋಡಿದ್ಮೇಲೇ ಓಹೋ ಇಷ್ಟು ಹೋಗಿದೆಯಾ ಅಂತ ತಿಳಿಯೋದು. ಬರೀ ನೀರು ಕುಡೀತಾ ಹೋದ್ರೂ ಡೇಂಜರ್, ಮೈಯಲ್ಲಿ ಉಪ್ಪು ಕಮ್ಮಿಯಾಗಿ ತಲೆ ಸುತ್ತತ್ತೆ, ಅದಕ್ಕೆ ಬಾಟಲಿಗೆ ಉಪ್ಪಿನ ಪುಡಿ ಹಾಕ್ಕೊಂಡೇ ಕುಡಿಯೋದು. ಬೆಳಿಗ್ಗೆ ನಾಲ್ಕಕ್ಕೇ ಎದ್ದು ಬೆಟ್ಟ ಇಳಿದು ಹೈಕರ್‌ಟೌನ್ ಅನ್ನೋ ಜಾಗ ಸೇರ್ಕೊಂಡ್ವಿ, ಹಳೇ ಕೌಬಾಯ್ ಸಿನಿಮಾ ಸೆಟ್ ಹಾಕಿದಂಗಿದೆ, ಮಧ್ಯಾಹ್ನ ಪೂರ್ತಿ ಅಲ್ಲೇ ನೆರಳಲ್ಲಿ ಬಿದ್ಕೊಂಡಿದ್ವಿ. ಮುಂದಿನ 27 ಕಿಲೋಮೀಟರ್‌ಗೆ ನೆರಳೇ ಇಲ್ಲ, ಅದಕ್ಕೆ ಎಲ್ರೂ ಇಲ್ಲಿಂದ ರಾತ್ರಿನೇ ನಡೆಯೋದು. ನಾನು ಆರು ಲೀಟರ್ ಹೊತ್ಕೊಂಡೆ, ಅಂದ್ರೆ ಬರೀ ನೀರೇ ಆರು ಕೇಜಿ.

ಈಗ ಅಪ್ಪಂಗೆ. ಅಪ್ಪಾ, ಆ ಆರು ಲೀಟರ್ ಹೊತ್ಕೊಂಡು ನಾನು ರಾತ್ರಿಯೆಲ್ಲ ನಡೆದಿದ್ದು ನೀರಿನ ಮೇಲೇನೇ! ಲಾಸ್ ಏಂಜಲೀಸ್‌ಗೆ ನೀರು ತಗೊಂಡು ಹೋಗೋ ಕಾಲುವೆ, ಅಕ್ವಿಡಕ್ಟ್ ಅಂತಾರೆ, 1913ರಲ್ಲಿ ಮುಗಿಸಿದ್ದು, 375 ಕಿಲೋಮೀಟರ್ ಉದ್ದ. ಒಂದು ಪಂಪ್ ಇಲ್ಲ ಅಪ್ಪಾ, ಪೂರ್ತಿ ಇಳಿಜಾರಿನ ಮೇಲೇ ಹರಿಯತ್ತೆ, ನಮ್ಮ ಕೆರೆ ಕೋಡಿ ಬಿದ್ರೆ ಕೆಳಗಿನ ಕೆರೆಗೆ ಹೋಗತ್ತಲ್ಲ ಅದೇ ಲೆಕ್ಕ. ಮೊದಲು ದೊಡ್ಡ ಕಬ್ಬಿಣದ ಪೈಪ್, ಆಮೇಲೆ ಮೇಲೆಲ್ಲ ಕಾಂಕ್ರೀಟ್ ಮುಚ್ಚಿರೋ ಕಾಲುವೆ, ಪಕ್ಕದಲ್ಲೇ ಮಣ್ಣು ರಸ್ತೆ. ಅಲ್ಲಲ್ಲಿ ಕಬ್ಬಿಣದ ಮುಚ್ಚಳ, ಬೀಗ. ಒಂದಕ್ಕೆ ಕಿವಿ ಇಟ್ಟು ಕೇಳಿದೆ, ಒಳಗೆ ಗುಳುಗುಳು ಅಂತ ಹೋಗ್ತಾ ಇದೆ. ಬಾಯಿ ಒಣಗಿರೋವಾಗ ಅದನ್ನ ಕೇಳಿಸ್ಕೋಬಾರ್ದು.

ಈ ನೀರು ಬರೋದು ಓವೆನ್ಸ್ ಕಣಿವೆಯಿಂದ. ನಗರದವ್ರು ಅಲ್ಲಿ ರೈತರ ಜಮೀನು ಕೊಂಡ್ಕೊಂಡ್ರು, ಜಮೀನಿನ ಜೊತೆ ನೀರಿನ ಹಕ್ಕೂ ಹೋಯ್ತು. 1924ರಲ್ಲಿ ಜನ ರೊಚ್ಚಿಗೆದ್ದು ಕಾಲುವೆಗೆ ಡೈನಮೈಟ್ ಇಟ್ರು, ಏನೂ ಉಪಯೋಗ ಆಗ್ಲಿಲ್ಲ, ಅಲ್ಲಿನ ದೊಡ್ಡ ಕೆರೆ ಬತ್ತಿ ಬರೀ ಧೂಳಾಯ್ತು. ಈಗ ಆ ಧೂಳು ಏಳದಿರ್ಲಿ ಅಂತ ಅದೇ ನಗರದವ್ರು ಕೆರೆ ಅಂಗಳಕ್ಕೆ ನೀರು ಬಿಡ್ತಾರೆ. ನಮ್ದು ಉಲ್ಟಾ, ಬೆಂಗಳೂರು ಬಳಸಿ ಬಿಟ್ಟ ನೀರು ಎರಡು ಸಲ ಸೋಸಿ 2018ರಿಂದ ನಮ್ಮ ಕೋಲಾರದ ಕೆರೆಗಳಿಗೆ ಬರ್ತಿದೆ. ಈ ಕೆಸಿ ವ್ಯಾಲಿ ನೀರು ಅಂದ್ರೆ ಅಮ್ಮ ಈಗ್ಲೂ ಮೂಗು ಮುಚ್ಕೋತಾಳೆ, ನೀವು ಬೋರ್‌ಲ್ಲಿ ನೀರು ಮೇಲೆ ಬಂತು ಸುಮ್ನಿರು ಅಂತೀರ. ಮೂರನೇ ಸಲನೂ ಸೋಸಿ ಕೊಡಿ ಅಂತ ನಮ್ಮವ್ರು ಕೇಳ್ತಿರೋದು ನ್ಯಾಯಾನೇ, ಅದ್ರಲ್ಲಿ ನಾನು ಅಮ್ಮನ ಕಡೆ. ಆದ್ರೆ ಓವೆನ್ಸ್ ಕಣಿವೆ ಕಥೆ ಕೇಳಿದ್ಮೇಲೆ, ನಮ್ಮದನ್ನ ಕಿತ್ಕೊಳ್ಳೋಕೆ ಯಾರೂ ಬರ್ಲಿಲ್ವಲ್ಲ, ಬಂದಿದ್ರೂ ಕಿತ್ಕೊಳ್ಳೋಕೆ ಒಂದು ಹೊಳೆ ಆದ್ರೂ ಎಲ್ಲಿತ್ತು ಅನ್ನಿಸ್ತು!

ಅಮ್ಮಾ, ನೀನು ಕಳಿಸಿದ ರಾಗಿ ಹುರಿಟ್ಟು ಇಲ್ಲಿ ಸ್ಟಾರ್ ಆಗ್ಬಿಟ್ಟಿದೆ. ಸ್ಟವ್ ಹಚ್ಚೋ ಹಂಗಿಲ್ಲ, ಗಾಳಿ ಜಾಸ್ತಿ, ಒಣಗಿದ ಪೊದೆಗಳು, ಒಂದು ಕಿಡಿ ಬಿದ್ರೆ ಸಾಕು. ನಡುರಾತ್ರಿ ರಸ್ತೆ ಪಕ್ಕ ಕೂತು ಹುರಿಟ್ಟಿಗೆ ಬೆಲ್ಲ, ನೀರು ಹಾಕಿ ಕಲಸಿದೆ. ಜೊತೆಯವ್ರು ದಿನಾ ರೊಟ್ಟಿಗೆ ಕಡ್ಲೇಕಾಯಿ ಬೆಣ್ಣೆ ಸವರ್ಕೊಂಡು ತಿಂದು ಬೇಜಾರಾಗಿದ್ರು, ಇದನ್ನ ತಿಂದವ್ರು ಡಬ್ಬಿನೇ ಬಿಡ್ಲಿಲ್ಲ, ಇನ್ನೊಂದು ಎರಡು ಕೇಜಿ ಮಾಡ್ಸಿಟ್ಟಿರು.

ಹಾವು ಒಂದು ಸಿಕ್ತು, ಬಾಲದಲ್ಲಿ ಸದ್ದು ಮಾಡೋ ಜಾತಿ, ಅದು ಸದ್ದು ಮಾಡ್ತು, ನಾವು ದೂರ ಸುತ್ಕೊಂಡು ಹೋದ್ವಿ, ಅಷ್ಟೇ ಕಥೆ. ಬೆಳಗಿನ ಜಾವ ಸುತ್ತ ಎಲ್ಲಿ ನೋಡಿದ್ರೂ ಗಾಳಿಯಂತ್ರ, ಎಲ್ಲದ್ರ ಕೆಂಪು ದೀಪಾನೂ ಒಟ್ಟಿಗೇ ಹತ್ತಿ ಒಟ್ಟಿಗೇ ಆರೋದು. ಕಾಟನ್‌ವುಡ್ ಕ್ರೀಕ್ ಸೇತುವೆ ಹತ್ರ ಅದೇ ಕಾಲುವೆಯ ನಲ್ಲಿ ಇದೆ, ಕೆಲವು ಸಲ ಬಂದ್ ಆಗಿರತ್ತಂತೆ, ನಮ್ಮ ಪುಣ್ಯಕ್ಕೆ ಬರ್ತಿತ್ತು. ಅಲ್ಲೇ ಕೂತು ಬರೀತಿದೀನಿ.

ಟೆಹಾಚಪಿಯಲ್ಲಿ ಫೋನ್ ಚಾರ್ಜ್ ಮಾಡಿ ಕಾಲ್ ಮಾಡ್ತೀನಿ, ಅಲ್ಲಿ ರಾತ್ರಿ ಆಗಿದ್ರೂ ಎತ್ಕೋ. ಕೋಲಾರ ಮಂಡೀಲಿ ಟೊಮ್ಯಾಟೊ ಬಾಕ್ಸ್ ಎಷ್ಟಕ್ಕೆ ಹೋಗ್ತಿದೆ ಅಂತ ಅಪ್ಪನ್ನ ಕೇಳಿಟ್ಕೋ, ಡ್ರಿಪ್ ಪೈಪಿಗೆ ದುಡ್ಡು ಬೇಕಾದ್ರೆ ಸಂಕೋಚ ಪಟ್ಕೋಬೇಡಿ ಅನ್ನು, ಮುಂದಿನ ವಾರ ಹಾಕ್ತೀನಿ.

ನಿನ್ನ ಮಗಳು