ಭಾಷಣಕ್ಕೆ ನಿಸರ್ಗ, ಕಪಾಟಿನಲ್ಲಿ ಶೂನ್ಯ

ಮಾನ್ಯ ಸಂಪಾದಕರೇ,

ಬೆಟಗೇರಿಯಲ್ಲಿ ಮೊನ್ನೆ ನಡೆದ ಬಾಣಂತಿಯರ ತಿಳಿವಳಿಕೆ ಸಭೆಯ ವರದಿ ನಿಮ್ಮ ಪತ್ರಿಕೆಯಲ್ಲಿ ಚಿತ್ರಸಹಿತ ಬಂದಿದೆ. ‘ಸಂತಾನ ನಿಯಂತ್ರಣಕ್ಕೆ ನೈಸರ್ಗಿಕ ವಿಧಾನವೇ ಶ್ರೇಷ್ಠ, ಕೃತಕ ಸಾಧನ ಕೊನೆಯ ದಾರಿ’ ಎಂದು ಆರೋಗ್ಯ ಇಲಾಖೆಯ ಅಧಿಕಾರಿಗಳು ಅಪ್ಪಣೆ ಕೊಡಿಸಿದ್ದನ್ನು ಯಥಾವತ್ತಾಗಿ ಅಚ್ಚು ಹಾಕಿದ್ದೀರಿ. ಅದೇ ದಿನ ಪಕ್ಕದ ಕೋಣೆಯಲ್ಲಿ ಬಸಿರು ತಡೆಯುವ ಛಾಯಾ ಗುಳಿಗೆಯ ಒಂದು ಹಾಳೆಯೂ ಇರಲಿಲ್ಲ ಎಂಬುದು ಮಾತ್ರ ವರದಿಯಲ್ಲಿಲ್ಲ. ಅರ್ಧ ದಿನದ ಪಗಾರ ಬಿಟ್ಟು, ಅಳುವ ಕೂಸನ್ನು ಎತ್ತಿಕೊಂಡು, ಸ್ವಾಗತ ಭಾಷಣದಿಂದ ವಂದನಾರ್ಪಣೆಯವರೆಗೆ ಸೆಖೆಯಲ್ಲಿ ಕುಳಿತವರಲ್ಲಿ ನಾನೂ ಒಬ್ಬಳು.

ನನ್ನ ಕೂಸಿಗೆ ಈಗ ನಾಲ್ಕು ತಿಂಗಳು. ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಮರಳಿರುವುದರಿಂದ ಹಗಲು ಹೊತ್ತು ಅತ್ತೆಯವರು ಬಾಟಲಿ ಹಾಲು ಕುಡಿಸುತ್ತಾರೆ. ಎದೆಹಾಲು ಉಣಿಸುವವರೆಗೆ ಬಸಿರಾಗುವ ಭಯವಿಲ್ಲ ಎಂದು ವೇದಿಕೆಯಿಂದ ಅಭಯ ನೀಡಲಾಯಿತು. ಆ ವಿಧಾನ ಸುಳ್ಳಲ್ಲ. ಕೂಸಿಗೆ ಆರು ತಿಂಗಳು ತುಂಬಿರಬಾರದು, ತಾಯಿಗೆ ಮುಟ್ಟು ಮರಳಿರಬಾರದು, ಹಗಲುರಾತ್ರಿ ಎದೆಹಾಲೊಂದೇ ಕೊಡುತ್ತಿರಬೇಕು. ಈ ಮೂರೂ ಕೂಡಿದಾಗ ಬಸಿರಾಗುವ ಸಂಭವ 100ಕ್ಕೆ 2ರಷ್ಟು ಮಾತ್ರ. ಮೂರರಲ್ಲಿ ಒಂದು ತಪ್ಪಿದರೂ ಬೇರೆ ಸಾಧನ ಬೇಕೇ ಬೇಕು. ಇಷ್ಟು ಹೇಳಲು ಅವರಿಗೆ ಸಮಯವಿರಲಿಲ್ಲ. ಶಾಲು ಹೊದಿಸಿಕೊಳ್ಳಲು ಧಾರಾಳವಾಗಿ ಇತ್ತು.

ಆಮೇಲೆ ದಿನ ಎಣಿಸುವ ಉಪದೇಶ ಬಂತು. ಮುಟ್ಟಿನ ಚಕ್ರ 26ರಿಂದ 32 ದಿನಗಳ ಒಳಗೆ ತಪ್ಪದೆ ಬರುವವರು 8ನೇ ದಿನದಿಂದ 19ನೇ ದಿನದವರೆಗೆ ದೂರವಿರಬೇಕು ಎಂಬುದು ಅದರ ನಿಯಮ. ಹೆರಿಗೆಯಾಗಿ ಚಕ್ರವೇ ನೆಲೆಗೊಳ್ಳದ ಬಾಣಂತಿಯರು ಯಾವ ದಿನದಿಂದ ಎಣಿಸಬೇಕು? ಆ 12 ದಿನಗಳಿಗೆ ಗಂಡನ ಒಪ್ಪಿಗೆಯೂ ಬೇಕಲ್ಲವೇ? ಗಂಡಸರನ್ನು ಯಾರೂ ಒಳಗೆ ಕರೆಯಲಿಲ್ಲ. ಹೆಂಡಂದಿರನ್ನು ಕರೆತಂದವರು ಹೊರಗೆ ಬೈಕಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ತುಂಗಭದ್ರೆಯ ನೀರು ನಮ್ಮ ನಲ್ಲಿಗೆ ಯಾವ ದಿನ ಬರುತ್ತದೆಂದು ಹೇಳಲಾರದ ಆಡಳಿತ, ಹೆಣ್ಣುಮಕ್ಕಳ ಒಡಲಿನ ಲೆಕ್ಕ ಮಾತ್ರ ಒಂದು ದಿನವೂ ತಪ್ಪದಿರಲಿ ಎನ್ನುತ್ತದೆ.

ಸಭೆ ಮುಗಿದ ಮೇಲೆ ಛಾಯಾ ಕೇಳಿದ್ದಕ್ಕೆ, ‘ಸ್ಟಾಕ್ ಇಲ್ಲ, ಮಾಲಾ-ಎನ್ ಒಯ್ಯಿರಿ, ಎರಡೂ ಒಂದೇ’ ಎಂಬ ಉತ್ತರ ಸಿಕ್ಕಿತು. ಎರಡೂ ಒಂದೇ ಅಲ್ಲ. ಮಾಲಾ-ಎನ್ ಗುಳಿಗೆಯಲ್ಲಿ ಎರಡು ಬಗೆಯ ಹಾರ್ಮೋನುಗಳಿದ್ದು, ಆರು ತಿಂಗಳೊಳಗಿನ ಕೂಸಿಗೆ ಎದೆಹಾಲು ಉಣಿಸುವವರಿಗೆ ಅದನ್ನು ಕೊಡಬಾರದೆಂಬುದು ಇಲಾಖೆಯದೇ ಸೂಚನೆ. ಗುಳಿಗೆ ಚಾಚಿದವರ ಹಿಂದಿನ ಗೋಡೆಯಲ್ಲೇ ಆ ಸೂಚನೆ ತೂಗುತ್ತಿತ್ತು, ಅದರ ಅರ್ಧವನ್ನು ಸನ್ಮಾನದ ಬ್ಯಾನರು ಮುಚ್ಚಿತ್ತು. ಛಾಯಾದಲ್ಲಿ ಹಾರ್ಮೋನೇ ಇಲ್ಲ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಅದನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು ನುಂಗಿದರಾಯಿತು. ಹತ್ತು ವರ್ಷ ಬಾಳುವ ಕಾಪರ್-ಟಿಯಲ್ಲೂ ಹಾರ್ಮೋನಿಲ್ಲ. ಬಸಿರು ತಡೆಯುವ ಅಂತರಾ ಚುಚ್ಚುಮದ್ದಿನಿಂದ ಮುಟ್ಟು ಏರುಪೇರಾಗುವುದು, ಬಿಟ್ಟ ಮೇಲೆ ಬಸಿರು ನಿಲ್ಲಲು ತಿಂಗಳುಗಟ್ಟಲೆ ತಡವಾಗುವುದು ನಿಜ. ಅದನ್ನು ಹೇಳಬೇಡಿ ಎಂದವರಾರು? ಆದರೆ ಆ ತಡವನ್ನೇ ಬಂಜೆತನವೆಂದು ಹೆದರಿಸಿ, ಎಲ್ಲ ಸಾಧನಗಳಿಗೂ ‘ಕೃತಕ’ ಎಂಬ ಒಂದೇ ಹಣೆಪಟ್ಟಿ ಕಟ್ಟಿದರೆ ಕೇಳಿದವರು ಏನು ಮಾಡಬೇಕು?

ಇದೇ ಇಲಾಖೆ ಹಿಂದೆ ಸಂತಾನಹರಣದ ಗುರಿ ಮುಟ್ಟುವ ಭರದಲ್ಲಿ ನಮ್ಮ ಅವ್ವಂದಿರನ್ನು ಆಪರೇಷನ್ ಶಿಬಿರಗಳಿಗೆ ಸಾಗಿಸುತ್ತಿತ್ತು. ಆಗ ನಿಸರ್ಗದ ನೆನಪು ಯಾರಿಗೂ ಆಗಲಿಲ್ಲ. ಗುರಿ ಪದ್ಧತಿ 1996ರಲ್ಲಿ ರದ್ದಾದರೂ ಭಾರವೆಲ್ಲ ಹೆಂಗಸರ ಮೇಲೆಯೇ ಉಳಿದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ದಂಪತಿಗಳಲ್ಲಿ ಮಹಿಳಾ ಸಂತಾನಹರಣ ಶಸ್ತ್ರಚಿಕಿತ್ಸೆಯ ಪ್ರಮಾಣ ಶೇ 37.9, ಪುರುಷರದು ಶೇ 0.3. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದಿತ್ತು. ನಮ್ಮ ಗದಗ-ಬೆಟಗೇರಿ ಆಗ ಮೈಸೂರಿನಲ್ಲಲ್ಲ, ಮುಂಬೈ ಪ್ರಾಂತ್ಯದಲ್ಲಿತ್ತು. ನಮ್ಮ ಅಧಿಕಾರಿಗಳು ಇನ್ನೂ ಆ ಕಾಲದಲ್ಲೇ ಇದ್ದಾರೇನೋ.

ಸಂಬಂಧಪಟ್ಟವರು ಕೂಡಲೇ ಗುಳಿಗೆ ತರಿಸಬೇಕು, ಇಲ್ಲವೇ ಭಾಷಣ ನಿಲ್ಲಿಸಬೇಕು. ಅರ್ಧ ಸತ್ಯ ಹೇಳಿದವರು ಉಳಿದರ್ಧವನ್ನು ಅದೇ ಮೈಕಿನಲ್ಲಿ, ಈ ಸಲ ಗಂಡಸರನ್ನೂ ಕೂರಿಸಿಕೊಂಡು ಹೇಳಬೇಕು. ಯಾರ ಮೇಲೆ ಕ್ರಮವಾಗಬೇಕೆಂದು ಕೇಳಿದರೆ, ಯಾರ ಮೇಲಾದರೂ ಆಗಲಿ. ಒಬ್ಬರ ಮೇಲಾದರೂ ಆದದ್ದನ್ನು ನಾವು ಈವರೆಗೆ ಕಂಡಿಲ್ಲ.

– ನೊಂದ ಓದುಗಳು, ಬೆಟಗೇರಿ